ಹೈಡ್ರೋಜನ್ ಬಾಟಲಾ, ವಾಟರ್ ಫಿಲ್ಟರಾ? ದುಡ್ಡು ಹಾಕುವ ಮುಂಚೆ ನೋಡಬೇಕಾದದ್ದು

ಹೈಡ್ರೋಜನ್ ಬಾಟಲ್ ತಗೊಳ್ಳೋಣವಾ, ಇಲ್ಲ ಅದೇ ದುಡ್ಡಿಗೆ ಒಳ್ಳೆಯ ಫಿಲ್ಟರ್ ಹಾಕಿಸೋಣವಾ? ಈಚೆಗೆ ಈ ಪ್ರಶ್ನೆ ಕೇಳುವವರು ಜಾಸ್ತಿಯಾಗಿದ್ದಾರೆ. ಜಾಹೀರಾತುಗಳೂ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತವೆ. ಎರಡರ ಪೆಟ್ಟಿಗೆ ಮೇಲೂ ‘ಶುದ್ಧ’, ‘ಆರೋಗ್ಯಕರ’ ಎಂಬ ಅವೇ ಮಾತುಗಳು. ಆದರೆ ಎರಡರ ಕೆಲಸ ಪೂರ್ತಿ ಬೇರೆ. ಫಿಲ್ಟರ್ ನೀರಿನಲ್ಲಿ ಇರಬಾರದ್ದನ್ನು ತೆಗೆಯುತ್ತದೆ. ಹೈಡ್ರೋಜನ್ ಬಾಟಲ್ ಏನನ್ನೂ ತೆಗೆಯುವುದಿಲ್ಲ, ನೀರಿಗೆ ಒಂದು ಅನಿಲವನ್ನು ಸೇರಿಸುತ್ತದೆ. ಕೊಳೆ ನೀರು ಹಾಕಿದರೆ ಹೈಡ್ರೋಜನ್ ಬೆರೆತ ಕೊಳೆ ನೀರು ಸಿಗುತ್ತದೆ, ಅಷ್ಟೇ.

ಆದ್ದರಿಂದ ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಒಂದನ್ನೇ ಕೊಳ್ಳುವುದಾದರೆ ಫಿಲ್ಟರ್ ಕೊಳ್ಳಿ, ಅದೂ ನಿಮ್ಮ ನೀರಿಗೆ ಬೇಕಿದ್ದರೆ ಮಾತ್ರ. ಬಾಟಲ್ ಅನ್ನುವುದು ಆಸಕ್ತಿ ಇದ್ದವರು ಆಮೇಲೆ ಕೊಳ್ಳಬಹುದಾದ ವಸ್ತು. ಅದರಲ್ಲೂ ಒಳ್ಳೆಯದು, ಕಳಪೆ ಎಂಬ ವ್ಯತ್ಯಾಸ ದೊಡ್ಡದಿದೆ. ಹಾಗಾಗಿ ಎರಡನ್ನೂ ಬಿಡಿಸಿ ನೋಡೋಣ.

ನೀರಿನಲ್ಲಿ ಏನಿದೆ ಎಂದು ತಿಳಿಯದೆ ಫಿಲ್ಟರ್ ಕೊಳ್ಳಬೇಡಿ

ಮಣ್ಣು, ತುಕ್ಕು, ಕೆಸರು ಕಣ್ಣಿಗೆ ಕಾಣುತ್ತವೆ. ಕ್ಲೋರಿನ್ ಮೂಗಿಗೆ ಬಡಿಯುತ್ತದೆ. ಉಪ್ಪಿನಂಶ ನಾಲಿಗೆಗೆ ಗೊತ್ತಾಗುತ್ತದೆ. ಗಡಸುತನ ಪಾತ್ರೆಯ ತಳದಲ್ಲಿ ಬಿಳಿಯಾಗಿ ಕೂರುತ್ತದೆ. ನಿಜವಾಗಿ ಕಾಡುವವು ಇವು ಯಾವುವೂ ಅಲ್ಲ. ಬ್ಯಾಕ್ಟೀರಿಯಾ, ವೈರಸ್, ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್, ಸೀಸ ಇದ್ದ ನೀರು ನೋಡಲು ತಿಳಿಯಾಗಿಯೇ ಇರಬಹುದು, ರುಚಿಯೂ ಚೆನ್ನಾಗಿರಬಹುದು.

1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ನಲ್ಲಿ ನೀರಿಗೆ ಸೇರಿ ಸುಮಾರು 4 ಲಕ್ಷ ಜನರ ಹೊಟ್ಟೆ ಕೆಟ್ಟಿತು. ಅದು ಕ್ಲೋರಿನ್ ಹಾಕಿ, ಸಂಸ್ಕರಿಸಿ ಬಿಟ್ಟ ನೀರೇ. ಈ ಜೀವಿಗೆ ಗಟ್ಟಿ ಕವಚ ಇರುವುದರಿಂದ ಮಾಮೂಲಿ ಪ್ರಮಾಣದ ಕ್ಲೋರಿನ್‌ಗೆ ಅದು ಬಗ್ಗುವುದಿಲ್ಲ. ಆದರೆ ಅದರ ಗಾತ್ರ 4ರಿಂದ 6 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ). ಅದಕ್ಕಿಂತ ಸಣ್ಣ ರಂಧ್ರದ ಫಿಲ್ಟರ್ ಅದನ್ನು ಸುಲಭವಾಗಿ ತಡೆಯುತ್ತದೆ, ಯುವಿ (ಅತಿನೇರಳೆ) ಬೆಳಕಿಗೂ ಅದು ನಿಷ್ಕ್ರಿಯವಾಗುತ್ತದೆ. ಎಷ್ಟು ದುಬಾರಿ ಯಂತ್ರ ಅನ್ನುವುದಕ್ಕಿಂತ ಯಾವ ತೊಂದರೆಗೆ ಯಾವ ಯಂತ್ರ ಅನ್ನುವುದು ಮುಖ್ಯ ಅಂತ ಹೇಳುವುದು ಇದಕ್ಕೇ.

ನಿಮ್ಮದು ಸಾರ್ವಜನಿಕ ಸರಬರಾಜಿನ ನೀರಾದರೆ, ಸರಬರಾಜು ಮಾಡುವವರ ಬಳಿ ಪರೀಕ್ಷಾ ವರದಿ ಇರುತ್ತದೆ, ಕೇಳಿ. ಬಾವಿ ಅಥವಾ ಬೋರ್‌ವೆಲ್ ಆದರೆ ಲ್ಯಾಬ್‌ಗೆ ಕೊಟ್ಟು ಪರೀಕ್ಷೆ ಮಾಡಿಸುವುದೇ ದಾರಿ. ಬ್ಯಾಕ್ಟೀರಿಯಾ, ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್, ಕಬ್ಬಿಣ, ಗಡಸುತನ, ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಇಷ್ಟನ್ನು ಕೇಳಿ ಮಾಡಿಸಿ. ವರದಿ ಬಂದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಳ ಪಕ್ಕ ಇಟ್ಟು ನೋಡಿ. ಒಂದು ಲೀಟರ್‌ನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ, ಸೀಸವೂ ಅಷ್ಟೇ 0.01. ಇದನ್ನು ದಾಟಬಾರದು.

ಟಿಡಿಎಸ್ ಮೀಟರ್ ಮತ್ತು ಎರಡು ಲೋಟದ ಆಟ

ಫಿಲ್ಟರ್ ಮಾರಲು ಬರುವವರ ಕೈಯಲ್ಲಿ ಎರಡು ಉಪಕರಣ ಇರುತ್ತವೆ. ಒಂದು ಪೆನ್ನಿನಂಥ ಟಿಡಿಎಸ್ ಮೀಟರ್. ಅದು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ನೋಡಿ, ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜು ಮಾಡುತ್ತದೆ. ಆ ಅಂಕಿಯಲ್ಲಿ ಕ್ಯಾಲ್ಸಿಯಂ ಎಷ್ಟು, ಆರ್ಸೆನಿಕ್ ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಅದು ತೋರಿಸುವ ಅತಿ ಸಣ್ಣ ಅಂಕಿ ಸಾಮಾನ್ಯವಾಗಿ 1 ಪಿಪಿಎಂ, ಅಂದರೆ ಲೀಟರ್‌ಗೆ 1 ಮಿಲಿಗ್ರಾಂ. ಆರ್ಸೆನಿಕ್‌ನ ಮಿತಿ ಅದರ ನೂರನೇ ಒಂದು ಭಾಗ. ಬ್ಯಾಕ್ಟೀರಿಯಾ ಅಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ. ಟಿಡಿಎಸ್ 600ರ ಒಳಗಿದ್ದರೆ ರುಚಿ ಚೆನ್ನಾಗಿರುತ್ತದೆ, 1000 ದಾಟಿದರೆ ಕುಡಿಯಲು ಮನಸ್ಸು ಬರುವುದಿಲ್ಲ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅದು ರುಚಿಯ ಲೆಕ್ಕ. ಟಿಡಿಎಸ್‌ಗೆ ಅವರು ಆರೋಗ್ಯದ ಮಿತಿಯನ್ನೇ ಇಟ್ಟಿಲ್ಲ.

ಎರಡನೆಯದು ಇನ್ನೂ ಮಜಾ. ಎರಡು ಲೋಟ ಇಡುತ್ತಾರೆ. ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಅವರ ಆರ್‌ಒ ನೀರು, ಅಂದರೆ ಒತ್ತಡ ಹಾಕಿ ತೆಳು ಪೊರೆ ದಾಟಿಸಿ ಲವಣ ತೆಗೆದ ನೀರು. ಕಡ್ಡಿಗಳಿರುವ ಒಂದು ಸಾಧನವನ್ನು ಎರಡರಲ್ಲೂ ಇಳಿಬಿಟ್ಟು ಕರೆಂಟ್ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ನಿಮ್ಮ ನೀರು ಕಂದು, ಹಸಿರು ಬಣ್ಣಕ್ಕೆ ತಿರುಗಿ ಮಡ್ಡಿ ಕಟ್ಟುತ್ತದೆ. ಅವರ ನೀರು ಹಾಗೇ ಇರುತ್ತದೆ. ‘ನೋಡಿ, ಇದನ್ನೇ ಮಕ್ಕಳಿಗೆ ಕುಡಿಸುತ್ತಿದ್ದೀರಿ’ ಎಂಬ ಮಾತು ಆಗ ಬರುತ್ತದೆ. ನಿಜಕ್ಕೂ ಆಗಿದ್ದು ಇಷ್ಟು: ಆ ಕಡ್ಡಿಗಳಲ್ಲಿ ಕಬ್ಬಿಣ ಇರುತ್ತದೆ. ಲವಣ ಇರುವ ನೀರಿನಲ್ಲಿ ಕರೆಂಟ್ ಹರಿದು ಕಬ್ಬಿಣ ಕರಗುತ್ತದೆ, ಆ ತುಕ್ಕೇ ಮಡ್ಡಿಯಾಗಿ ಕಾಣುತ್ತದೆ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಬಣ್ಣವೂ ಬರುವುದಿಲ್ಲ. ಆ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಲು ಹೇಳಿ. ಅದೂ ಕಂದಾಗುತ್ತದೆ.

ತಮಾಷೆ ಅಂದರೆ, ನೀರಿಗೆ ಕರೆಂಟ್ ಹಾಯಿಸಿ ಒಬ್ಬರು ಹೆದರಿಸಿ ಮಾರುತ್ತಾರೆ. ಹೈಡ್ರೋಜನ್ ಬಾಟಲಿನವರು ಅದೇ ಕರೆಂಟ್ ಹಾಯಿಸಿ ಗುಳ್ಳೆ ತೋರಿಸಿ ಮಾರುತ್ತಾರೆ.

ಯಾವ ಫಿಲ್ಟರ್ ಏನು ತೆಗೆಯುತ್ತದೆ

ಸೆಡಿಮೆಂಟ್ ಫಿಲ್ಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಣ್ಣು, ತುಕ್ಕು ಹಿಡಿಯುವ ದಾರದುಂಡೆಯಂಥ ಕಾರ್ಟ್ರಿಜ್. ಮುಂದಿನ ಹಂತಗಳನ್ನು ಕಾಪಾಡುವುದು ಅದರ ಕೆಲಸ.

ಇದ್ದಿಲಿನ ಫಿಲ್ಟರ್, ಅಂದರೆ ಆಕ್ಟಿವೇಟೆಡ್ ಕಾರ್ಬನ್, ಕಾಣುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಒಂದು ಗ್ರಾಂ ಇದ್ದಿಲಿನ ಒಳಗಿನ ಸಣ್ಣ ಸಣ್ಣ ರಂಧ್ರಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ 500 ಚದರ ಮೀಟರ್‌ಗೂ ಜಾಸ್ತಿ ಆಗುತ್ತದೆ. ಕ್ಲೋರಿನ್, ವಾಸನೆ, ಹಲವು ಕೀಟನಾಶಕಗಳು ಅಲ್ಲಿ ಅಂಟಿಕೊಳ್ಳುತ್ತವೆ ಅಥವಾ ಅಲ್ಲೇ ಮುರಿದುಹೋಗುತ್ತವೆ. ಒತ್ತಿ ಮಾಡಿದ ಗಟ್ಟಿ ಕಾರ್ಬನ್ ಬ್ಲಾಕ್ ಆದರೆ ಸೀಸವನ್ನೂ ಹಿಡಿಯುವ ಮಾದರಿಗಳಿವೆ. ಆದರೆ ಕರಗಿದ ಉಪ್ಪು, ನೈಟ್ರೇಟ್, ಫ್ಲೋರೈಡ್ ಇದರಲ್ಲಿ ಹಾಗೇ ದಾಟಿ ಹೋಗುತ್ತವೆ. ಇನ್ನೊಂದು ವಿಷಯ: ಕ್ಲೋರಿನ್ ತೆಗೆದ ಮೇಲೆ ಆ ಇದ್ದಿಲಿನಲ್ಲೇ ಬ್ಯಾಕ್ಟೀರಿಯಾ ಬೆಳೆಯಬಹುದು. ಅವಧಿ ಮುಗಿದ ಕಾರ್ಟ್ರಿಜ್ ಇಟ್ಟುಕೊಳ್ಳುವುದು ಫಿಲ್ಟರ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು ಅನ್ನುವುದು ಇದಕ್ಕೆ.

ಯುಎಫ್ ಮೆಂಬ್ರೇನ್ (ಬಹಳ ಸಣ್ಣ ರಂಧ್ರಗಳ ಪೊರೆ) ಕರೆಂಟ್ ಇಲ್ಲದೆಯೂ ಓಡುತ್ತದೆ, ನೀರನ್ನೂ ಅಷ್ಟಾಗಿ ಹಾಳು ಮಾಡುವುದಿಲ್ಲ. ರಂಧ್ರಗಳು ಮೈಕ್ರಾನ್‌ನ ಹತ್ತನೇ, ನೂರನೇ ಭಾಗದಷ್ಟು ಸಣ್ಣವು. ಬ್ಯಾಕ್ಟೀರಿಯಾ ದಾಟುವುದಿಲ್ಲ. ವೈರಸ್ ಬಹಳ ಸಣ್ಣದು, ಅದನ್ನು ತಡೆಯುತ್ತದೋ ಇಲ್ಲವೋ ಎನ್ನುವುದು ಆ ಮಾದರಿಯ ರಂಧ್ರದ ಮೇಲೆ ನಿಂತಿದೆ. ಟಿಡಿಎಸ್ ಕಡಿಮೆಯೇ ಇರುವ, ಆದರೆ ಕ್ರಿಮಿಗಳ ಭಯ ಇರುವ ನೀರಿಗೆ ನನ್ನ ಮೊದಲ ಆಯ್ಕೆ ಕಾರ್ಬನ್ ಜೊತೆ ಯುಎಫ್, ಮೇಲೆ ಯುವಿ.

ಯುವಿ ದೀಪ ಏನನ್ನೂ ಸೋಸುವುದಿಲ್ಲ. 254 ನ್ಯಾನೊಮೀಟರ್ ಹತ್ತಿರದ ಬೆಳಕು ಕ್ರಿಮಿಗಳ ಡಿಎನ್‌ಎ ಕೆಡಿಸುತ್ತದೆ, ಅವು ಆಮೇಲೆ ಬೆಳೆಯಲಾರವು. ನೀರು ಬಗ್ಗಡವಾಗಿದ್ದರೆ ಕಣಗಳ ನೆರಳಿನಲ್ಲಿ ಕ್ರಿಮಿಗಳು ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಯುವಿ ಯಾವಾಗಲೂ ಕೊನೆಯ ಹಂತದಲ್ಲಿರಬೇಕು. ದೀಪ ನೋಡಲು ಉರಿಯುತ್ತಲೇ ಇರುತ್ತದೆ, ಆದರೆ ಸುಮಾರು ಒಂದು ವರ್ಷ ಸತತ ಉರಿದ ಮೇಲೆ ಅದರ ಶಕ್ತಿ ಇಳಿದಿರುತ್ತದೆ. ನೀಲಿ ಬೆಳಕು ಕಾಣುತ್ತಿದೆ ಅಲ್ವಾ ಎಂದು ಬಿಟ್ಟುಬಿಡುವವರೇ ಜಾಸ್ತಿ.

ಇನ್ನು ಆರ್‌ಒ. 1960ರ ಸುಮಾರಿಗೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಎಂಬಿಬ್ಬರು ಬಳಕೆಗೆ ಬರುವಂಥ ಮೆಂಬ್ರೇನ್ ಮಾಡಿ ತೋರಿಸಿದರು. ಸಮುದ್ರದ ನೀರಿನಿಂದ ಸಿಹಿ ನೀರು ತೆಗೆಯುವುದು ಅವರ ಗುರಿ. ಅಷ್ಟು ಶಕ್ತಿಯ ಸಾಧನವನ್ನು ನಾವು ಆಗಲೇ ಸಿಹಿಯಾಗಿರುವ ನಲ್ಲಿ ನೀರಿಗೂ ಹಾಕಿಸುತ್ತೇವೆ. ಕರಗಿದ ಲವಣಗಳಲ್ಲಿ 90 ಶೇಕಡಕ್ಕೂ ಹೆಚ್ಚನ್ನು ಆರ್‌ಒ ತೆಗೆಯುತ್ತದೆ. ಫ್ಲೋರೈಡ್, ನೈಟ್ರೇಟ್, ಸೀಸ, ಆರ್ಸೆನಿಕ್ ಎಲ್ಲಕ್ಕೂ ಮನೆಮಟ್ಟದಲ್ಲಿ ಇದೇ ಗಟ್ಟಿ ಉತ್ತರ. ಬೆಲೆಯಾಗಿ ನೀರು ಕೊಡಬೇಕು. ಹಳೆಯ ಮಾದರಿಗಳಲ್ಲಿ ಒಂದು ಲೀಟರ್ ಸಿಗಲು ಮೂರು ಲೀಟರ್, ಕೆಲವೊಮ್ಮೆ ಇನ್ನೂ ಜಾಸ್ತಿ ಪೈಪ್‌ನಲ್ಲಿ ಆಚೆ ಹೋಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಹೋಗುತ್ತವೆ, ನೀರು ಸಪ್ಪೆಯಾಗುತ್ತದೆ. ಅದಕ್ಕೇ ಕೊನೆಯಲ್ಲಿ ಮಿನರಲ್ ಕಾರ್ಟ್ರಿಜ್ ಇಡುತ್ತಾರೆ.

ಆರ್‌ಒ ಒಳಗೆ ಕಾರ್ಬನ್ ಹಂತ ಏಕೆ ಮೊದಲು ಬರುತ್ತದೆ ಗೊತ್ತಾ? ಈಗಿನ ಪಾಲಿಅಮೈಡ್ ಮೆಂಬ್ರೇನ್ ಕ್ಲೋರಿನ್‌ಗೆ ಸಿಕ್ಕರೆ ಹಾಳಾಗುತ್ತದೆ. ಕಾರ್ಬನ್ ಸೋತರೆ ಮೆಂಬ್ರೇನ್ ಸೋಲುತ್ತದೆ. ಅಗ್ಗದ ಕಾರ್ಟ್ರಿಜ್ ಬದಲಿಸದೆ ದುಬಾರಿ ಮೆಂಬ್ರೇನ್ ಕಳೆದುಕೊಳ್ಳುವುದು ಹೀಗೆ. ಟಿಡಿಎಸ್ ಮೀಟರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲೇ. ಒಳಗೆ ಹೋಗುವ ನೀರು, ಮೆಂಬ್ರೇನ್ ದಾಟಿ ಬರುವ ನೀರು ಎರಡನ್ನೂ ಆಗಾಗ ಅಳೆದು ಬರೆದಿಡಿ. ವ್ಯತ್ಯಾಸ ಕುಗ್ಗುತ್ತಾ ಬಂದರೆ ಮೆಂಬ್ರೇನ್ ಸೋಲುತ್ತಿದೆ ಎಂದು ಅರ್ಥ.

ಕುದಿಸುವುದನ್ನು ಮರೆಯಬೇಡಿ. ಒಂದು ನಿಮಿಷ ಚೆನ್ನಾಗಿ ಮರಳಿದರೆ ಬ್ಯಾಕ್ಟೀರಿಯಾ, ವೈರಸ್, ಪರಾವಲಂಬಿಗಳೆಲ್ಲ ಸಾಯುತ್ತವೆ. ಎತ್ತರದ ಬೆಟ್ಟ ಪ್ರದೇಶದಲ್ಲಿ ಮೂರು ನಿಮಿಷ. ಆದರೆ ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಅವು ಇನ್ನೂ ಸ್ವಲ್ಪ ಗಟ್ಟಿಯಾಗುತ್ತವೆ.

ಕೊಳ್ಳುವಾಗ ಪ್ರಮಾಣಪತ್ರದ ಸಂಖ್ಯೆ ನೋಡಿ, ಮುದ್ರೆ ನೋಡಿ ಸುಮ್ನಾಗಬೇಡಿ. ಎನ್‌ಎಸ್‌ಎಫ್ ಎಂಬ ಅಮೆರಿಕದ ಪ್ರಮಾಣೀಕರಣ ಸಂಸ್ಥೆಯ 42ನೇ ಮಾನದಂಡ ಅಂದರೆ ಕ್ಲೋರಿನ್, ರುಚಿ, ವಾಸನೆಗೆ ಮಾತ್ರ. ಸೀಸದಂಥ ಆರೋಗ್ಯದ ವಿಷಯಗಳಿಗೆ 53, ಯುವಿಗೆ 55, ಆರ್‌ಒಗೆ 58. 53 ಇದ್ದರೂ ಯಾವ ಯಾವ ವಸ್ತುವಿಗೆ ಪರೀಕ್ಷೆಯಾಗಿದೆ ಎಂಬ ಪಟ್ಟಿ ಬೇರೆ ಇರುತ್ತದೆ. ಅದರಲ್ಲಿ ನಿಮ್ಮ ತೊಂದರೆಯ ಹೆಸರು ಇಲ್ಲದಿದ್ದರೆ ಆ ಮುದ್ರೆಯಿಂದ ನಿಮಗೆ ಉಪಯೋಗವಿಲ್ಲ.

ಹೈಡ್ರೋಜನ್ ಬಾಟಲ್ ಒಳಗೆ ಏನು ನಡೆಯುತ್ತದೆ

ಬಾಟಲಿನ ತಳ ಬಿಚ್ಚಿ ನೋಡಿದರೆ ಬ್ಯಾಟರಿ, ಒಂದು ಸಣ್ಣ ಸರ್ಕ್ಯೂಟ್, ಮೇಲೆ ರಂಧ್ರಗಳ ಲೋಹದ ಬಿಲ್ಲೆ. ಆ ಬಿಲ್ಲೆ ಸಾಮಾನ್ಯವಾಗಿ ಪ್ಲಾಟಿನಂ ಲೇಪಿಸಿದ ಟೈಟಾನಿಯಂ. ಒಳ್ಳೆಯ ಬಾಟಲಿನಲ್ಲಿ ಇಂಥ ಎರಡು ಬಿಲ್ಲೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆಯಂಥ ಪೊರೆ ಇರುತ್ತದೆ. ಇದಕ್ಕೆ ಪಿಇಎಂ ಅಂತಾರೆ, ಎಸ್‌ಪಿಇ ಅಂತಲೂ ಬರೆಯುತ್ತಾರೆ. ಹಸಿರು ಹೈಡ್ರೋಜನ್ ತಯಾರಿಸುವ ದೊಡ್ಡ ಘಟಕಗಳಲ್ಲೂ ಇದೇ ತಂತ್ರ ಬಳಕೆಯಲ್ಲಿದೆ.

ಗುಂಡಿ ಒತ್ತಿದಾಗ ಕೆಳಗಿನ ಬದಿಯಲ್ಲಿ ನೀರು ಒಡೆದು ಆಮ್ಲಜನಕ ಬರುತ್ತದೆ. ಅದರ ಜೊತೆ ಸ್ವಲ್ಪ ಓಝೋನ್ ಆಗಬಹುದು. ನೀರಿನಲ್ಲಿ ಕ್ಲೋರೈಡ್ ಇದ್ದರೆ ಕ್ಲೋರಿನ್ ಕೂಡ ಆಗಬಹುದು. ಇವೆಲ್ಲ ತಳದ ಸಣ್ಣ ತೂತಿನಿಂದ ಆಚೆ ಹೋಗಬೇಕು. ಪ್ರೋಟಾನ್‌ಗಳು ಮಾತ್ರ ಪೊರೆ ದಾಟಿ ಮೇಲೆ ಬಂದು ಹೈಡ್ರೋಜನ್ ಅನಿಲವಾಗುತ್ತವೆ. ನೀವು ನೋಡುವ ಹೊಗೆಯಂಥ ಸಣ್ಣ ಗುಳ್ಳೆಗಳು ಅವೇ.

ಅಗ್ಗದ ಬಾಟಲುಗಳಲ್ಲಿ ಈ ಪೊರೆಯೇ ಇರುವುದಿಲ್ಲ. ಎರಡೂ ಎಲೆಕ್ಟ್ರೋಡ್ ಒಂದೇ ನೀರಿನಲ್ಲಿ ಮುಳುಗಿರುತ್ತವೆ. ಹೈಡ್ರೋಜನ್ ಜೊತೆ ಆಮ್ಲಜನಕ, ಓಝೋನ್, ಕ್ಲೋರಿನ್ ಎಲ್ಲ ನಿಮ್ಮ ಕುಡಿಯುವ ನೀರಿಗೇ ಸೇರುತ್ತವೆ. ಓಡಿಸಿದ ಮೇಲೆ ಈಜುಕೊಳದ ವಾಸನೆ ಬಂದರೆ ಆ ಬಾಟಲ್ ಬೇಡ. ಇಂಥವನ್ನು ಗುರುತಿಸಲು ಒಂದು ಸುಲಭ ದಾರಿ ಇದೆ. ಪೊರೆ ಇರುವ ಬಾಟಲ್ ಡಿಸ್ಟಿಲ್ಡ್ ವಾಟರ್‌ನಲ್ಲೂ ಗುಳ್ಳೆ ಎಬ್ಬಿಸುತ್ತದೆ. ಪೊರೆ ಇಲ್ಲದ್ದಕ್ಕೆ ಕರೆಂಟ್ ಹರಿಯಲು ಲವಣ ಬೇಕು, ಡಿಸ್ಟಿಲ್ಡ್ ವಾಟರ್‌ನಲ್ಲಿ ಅದು ಹೆಚ್ಚುಕಡಿಮೆ ಸುಮ್ಮನೆ ಕೂರುತ್ತದೆ.

ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರಿಸುವ ಅಲ್ಕಲೈನ್ ಅಯೋನೈಜರ್ ಬೇರೆ, ಹೈಡ್ರೋಜನ್ ಬಾಟಲ್ ಬೇರೆ. ಕರಗಿದ ಹೈಡ್ರೋಜನ್ ನೀರಿನ ಪಿಎಚ್ ಬದಲಿಸುವುದಿಲ್ಲ. ಪಿಎಚ್ ಹನಿ ಹಾಕಿ ಬಣ್ಣ ತೋರಿಸಿ ‘ನೋಡಿ ಹೈಡ್ರೋಜನ್’ ಎಂದರೆ ನಂಬಬೇಡಿ.

ಪಿಪಿಬಿ ಲೆಕ್ಕ

ಪೆಟ್ಟಿಗೆ ಮೇಲೆ 3000 ಪಿಪಿಬಿ, 5000 ಪಿಪಿಬಿ, ಕೆಲವರು 10000 ಎಂದೂ ಬರೆಯುತ್ತಾರೆ. 1000 ಪಿಪಿಬಿ ಅಂದರೆ 1 ಪಿಪಿಎಂ. ಪಿಪಿಬಿಯಲ್ಲಿ ಬರೆದರೆ ಅಂಕಿ ದೊಡ್ಡದಾಗಿ ಕಾಣುತ್ತದೆ, ಅಷ್ಟಕ್ಕೇ ಹಾಗೆ ಬರೆಯುವುದು.

ಸಾಮಾನ್ಯ ಒತ್ತಡದಲ್ಲಿ, ಕೋಣೆಯ ಉಷ್ಣತೆಯಲ್ಲಿ, ನೀರಿನ ಮೇಲೆ ಬರೀ ಹೈಡ್ರೋಜನ್ ಇದ್ದರೂ ಲೀಟರ್‌ಗೆ ಸುಮಾರು 1.6 ಮಿಲಿಗ್ರಾಂ ಮಾತ್ರ ಕರಗುತ್ತದೆ. ಅಂದರೆ 1600 ಪಿಪಿಬಿ. ತಣ್ಣೀರಿನಲ್ಲಿ ಸ್ವಲ್ಪ ಜಾಸ್ತಿ. ಇದಕ್ಕಿಂತ ಮೇಲೆ ಹೋಗಬೇಕಾದರೆ ಮುಚ್ಚಿದ ಬಾಟಲಿನೊಳಗೆ ಒತ್ತಡ ಏರಬೇಕು. ಒತ್ತಡ ಎಷ್ಟು ಪಟ್ಟು ಏರುತ್ತದೋ ಕರಗುವುದೂ ಅಷ್ಟು ಪಟ್ಟು. 3000 ಪಿಪಿಬಿಗೆ ವಾತಾವರಣದ ಎರಡು ಪಟ್ಟು ಒತ್ತಡ ಸಾಕು, ಒಳ್ಳೆಯ ಬಾಟಲಿನಲ್ಲಿ ಇದು ಸಾಧ್ಯ. 10000ಕ್ಕೆ ಆರು ಪಟ್ಟಿಗೂ ಜಾಸ್ತಿ ಬೇಕು. ಅದು ಕಾರಿನ ಟೈರಿನೊಳಗಿನ ಒತ್ತಡದ ಸುಮಾರು ಎರಡರಷ್ಟು. ಕೈಯಲ್ಲಿ ಹಿಡಿಯುವ, ತಿರುಪಿನ ಮುಚ್ಚಳದ ಬಾಟಲಿಗೆ ಅಷ್ಟು ಒತ್ತಡ ತಡೆಯುವ ಶಕ್ತಿ ಇದೆಯಾ ಎಂದು ನೀವೇ ಯೋಚಿಸಿ.

ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿಯುತ್ತದೆ, ಹೆಚ್ಚಿನದ್ದು ಆಚೆ ಹೋಗಲು ಶುರುವಾಗುತ್ತದೆ. ಹೈಡ್ರೋಜನ್ ಅಣು ಎಲ್ಲಕ್ಕಿಂತ ಸಣ್ಣದು, ಪ್ಲಾಸ್ಟಿಕ್ಕಿನ ಗೋಡೆಯನ್ನೂ ದಾಟುತ್ತದೆ. ತೆರೆದ ಲೋಟದಲ್ಲಿ ಕೆಲವೇ ಗಂಟೆಗಳಲ್ಲಿ ಬಹುಪಾಲು ಖಾಲಿ. ಬೇರೆ ಲೋಟಕ್ಕೆ ಸುರಿದರೆ, ಅಲ್ಲಾಡಿಸಿದರೆ ಇನ್ನೂ ಬೇಗ. ಕಾಯಿಸಿದರೆ ಏನೂ ಉಳಿಯುವುದಿಲ್ಲ. ಬೆಳಗ್ಗೆ ಮಾಡಿಟ್ಟು ಮಧ್ಯಾಹ್ನದವರೆಗೆ ಗುಟುಕರಿಸಿದರೆ ನೀವು ಬರೀ ನೀರು ಕುಡಿದ ಹಾಗೆ. ಅಂಗಡಿಯಲ್ಲಿ ಸಿಗುವ ತಯಾರಿ ಹೈಡ್ರೋಜನ್ ನೀರು ಅಲ್ಯೂಮಿನಿಯಂ ಪೊಟ್ಟಣದಲ್ಲಿ ಬರುವುದು ಇದಕ್ಕೇ. ಪ್ಲಾಸ್ಟಿಕ್ ಬಾಟಲಿನಲ್ಲಿ ಮಾರುತ್ತಿದ್ದರೆ ಹಣ ಕೊಡಬೇಡಿ.

ಬಾಟಲ್ ಬದಲು ಮಾತ್ರೆಗಳೂ ಇವೆ. ಮೆಗ್ನೀಸಿಯಂ ಲೋಹ ನೀರಿನ ಜೊತೆ ಸೇರಿ ಹೈಡ್ರೋಜನ್ ಬಿಡುತ್ತದೆ. ಯಂತ್ರ ಬೇಡ, ಚಾರ್ಜ್ ಬೇಡ. ಆದರೆ ಪ್ರತಿ ಲೋಟದ ಜೊತೆ ಮೆಗ್ನೀಸಿಯಂ ಕೂಡ ಒಳಗೆ ಹೋಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದರ ತಂಟೆಗೆ ಹೋಗಬಾರದು.

ಆರೋಗ್ಯದ ಮಾತು ಎಷ್ಟು ನಿಜ

ಈ ಗುಲ್ಲಿಗೆಲ್ಲ ಮೂಲ 2007ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಜಪಾನಿನ ಒಂದು ಸಂಶೋಧನೆ. ಶಿಗೆಯೊ ಓಟಾ ಅವರ ತಂಡ, ಹೈಡ್ರೋಜನ್ ಅನಿಲವು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅಪಾಯಕಾರಿ ಕಣವನ್ನು ಆರಿಸಿ ತಣಿಸುತ್ತದೆ ಎಂದು ತೋರಿಸಿತು. ಮೆದುಳಿಗೆ ರಕ್ತ ನಿಂತ ಇಲಿಗಳಲ್ಲಿ ಹಾನಿ ಕಡಿಮೆಯಾಯಿತು. ಗಮನಿಸಿ, ಇಲಿಗಳು ಅನಿಲವನ್ನು ಉಸಿರಾಡಿದ್ದವು, ನೀರು ಕುಡಿದಿರಲಿಲ್ಲ.

ಆಮೇಲೆ ಮನುಷ್ಯರ ಮೇಲೂ ಪ್ರಯೋಗಗಳು ನಡೆದಿವೆ. ಹೆಚ್ಚಿನವು ಸಣ್ಣವು, ಕೆಲವು ವಾರಗಳವು. ಕೊಲೆಸ್ಟ್ರಾಲ್, ವ್ಯಾಯಾಮದ ದಣಿವು ಇಂಥವುಗಳಲ್ಲಿ ಕೆಲವು ಕಡೆ ಸ್ವಲ್ಪ ಫಲ ಕಂಡಿದೆ, ಕೆಲವು ಕಡೆ ಏನೂ ಇಲ್ಲ. ಯಾವ ಕಾಯಿಲೆಗೂ ಇದು ಒಪ್ಪಿತ ಚಿಕಿತ್ಸೆ ಅಲ್ಲ. ಸಕ್ಕರೆ ಕಾಯಿಲೆ ವಾಸಿ, ಕ್ಯಾನ್ಸರ್ ದೂರ ಎಂದು ಮಾರುವವರು ಸುಳ್ಳು ಹೇಳುತ್ತಿದ್ದಾರೆ. 2014ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಾನೀಯದಲ್ಲಿ ಹೈಡ್ರೋಜನ್ ಬೆರೆಸುವುದರ ಸುರಕ್ಷತೆ ಬಗ್ಗೆ ತಕರಾರು ತೆಗೆಯಲಿಲ್ಲ. ಅದನ್ನೇ ‘ಎಫ್‌ಡಿಎ ಒಪ್ಪಿಗೆ’ ಎಂದು ಬರೆದುಕೊಳ್ಳುತ್ತಾರೆ. ಅಪಾಯ ಕಾಣುವುದಿಲ್ಲ ಅನ್ನುವುದಕ್ಕೂ ಉಪಯೋಗವಿದೆ ಅನ್ನುವುದಕ್ಕೂ ಬಹಳ ದೂರ ಇದೆ.

ಒಂದು ಸಣ್ಣ ಲೆಕ್ಕವನ್ನೂ ನೋಡಿ. 300 ಮಿಲಿ ಬಾಟಲಿನ ನೀರಿನಲ್ಲಿ 1.6 ಪಿಪಿಎಂ ಹೈಡ್ರೋಜನ್ ಇದ್ದರೆ, ಅನಿಲವಾಗಿ ಅದು ಸುಮಾರು 6 ಮಿಲಿಲೀಟರ್. ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಜೀರ್ಣವಾಗದ ನಾರು, ಪಿಷ್ಟ ತಿಂದು ದಿನವೂ ಇದಕ್ಕಿಂತ ಜಾಸ್ತಿ ಹೈಡ್ರೋಜನ್ ಮಾಡುತ್ತವೆ. ಹಾಲು ಅರಗದವರನ್ನು ಪತ್ತೆ ಮಾಡಲು ಡಾಕ್ಟರುಗಳು ಉಸಿರಿನಲ್ಲಿ ಅಳೆಯುವುದು ಇದೇ ಹೈಡ್ರೋಜನ್. ಕುಡಿದ ನೀರಿನದು ಹೊಟ್ಟೆಯಿಂದ ಒಮ್ಮೆಗೇ ರಕ್ತಕ್ಕೆ ಸೇರುತ್ತದೆ, ಕರುಳಿನದು ನಿಧಾನ, ಹಾಗಾಗಿ ಪರಿಣಾಮ ಬೇರೆ ಎಂದು ಈ ನೀರಿನ ಪರ ಇರುವವರು ವಾದಿಸುತ್ತಾರೆ. ವಾದ ತಳ್ಳಿಹಾಕುವಂಥದ್ದಲ್ಲ. ದುಡ್ಡು ಸುರಿಯಲು ಸಾಕಾಗುವಂಥದ್ದೂ ಅಲ್ಲ.

ಹಾಗಾದರೆ ಯಾರು ಏನು ಕೊಳ್ಳಬೇಕು

ಸಂಸ್ಕರಿಸಿದ ಸರಬರಾಜು ನೀರು, ವರದಿ ಚೆನ್ನಾಗಿದೆ, ಕ್ಲೋರಿನ್ ವಾಸನೆ ಮಾತ್ರ ತೊಂದರೆ ಅನ್ನುವವರಿಗೆ ಕಾರ್ಬನ್ ಜಗ್ ಅಥವಾ ನಲ್ಲಿಗೆ ಹಾಕುವ ಫಿಲ್ಟರ್ ಸಾಕು. ಆರ್‌ಒ ಬೇಡ. ನೀರು ಆಗಾಗ ಬಗ್ಗಡ ಬರುತ್ತದೆ, ಪೈಪ್ ಒಡೆದು ಕೊಳಚೆ ಸೇರುವ ಭಯ ಇದೆ ಅನ್ನುವವರು ಸೆಡಿಮೆಂಟ್, ಕಾರ್ಬನ್, ಯುಎಫ್, ಯುವಿ ಸೇರಿದ್ದನ್ನು ನೋಡಿ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಮಿತಿ ದಾಟಿದ್ದರೆ ಅಥವಾ ಉಪ್ಪು ತೀರಾ ಜಾಸ್ತಿ ಇದ್ದರೆ ಆರ್‌ಒ ಬಿಟ್ಟು ಸುಲಭದ ದಾರಿ ಇಲ್ಲ. ಬರೀ ಗಡಸುತನದಿಂದ ಗೀಸರ್, ವಾಷಿಂಗ್ ಮಷೀನ್ ಹಾಳಾಗುತ್ತಿವೆ ಎಂದಾದರೆ ಬೇಕಿರುವುದು ಸಾಫ್ಟ್‌ನರ್, ಕುಡಿಯುವ ನೀರಿನ ಫಿಲ್ಟರ್ ಅಲ್ಲ.

ಇವರಲ್ಲಿ ಯಾರಿಗೂ ಫಿಲ್ಟರ್ ಬದಲು ಹೈಡ್ರೋಜನ್ ಬಾಟಲ್ ಆಗುವುದಿಲ್ಲ. ಪ್ರಯಾಣದಲ್ಲಿ ಸಿಕ್ಕ ನೀರನ್ನು ಬಾಟಲಿಗೆ ಹಾಕಿ ಗುಂಡಿ ಒತ್ತಿದರೆ ಶುದ್ಧವಾಗುತ್ತದೆ ಎಂದು ನಂಬಿದವರನ್ನು ನೋಡಿದ್ದೇನೆ. ಹೈಡ್ರೋಜನ್ ಕ್ರಿಮಿ ಕೊಲ್ಲುವುದಿಲ್ಲ. ಪ್ರಯಾಣಕ್ಕೆ ಬೇಕಾದದ್ದು ಒಳಗೆ ಫಿಲ್ಟರ್ ಇರುವ ಬಾಟಲ್, ಅದು ಬೇರೆಯೇ ಸರಕು. ಹೆಸರು ಒಂದೇ ಥರ ಇರುವುದರಿಂದ ಆನ್‌ಲೈನ್‌ನಲ್ಲಿ ಹುಡುಕುವಾಗ ಎಚ್ಚರ.

ಆರ್‌ಒ, ಹೈಡ್ರೋಜನ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬರುವ ಯಂತ್ರಗಳೂ ಇವೆ. ನನಗೆ ಅವು ಹಿಡಿಸುವುದಿಲ್ಲ. ಹೈಡ್ರೋಜನ್ ಭಾಗ ಕೆಟ್ಟರೆ ಇಡೀ ಯಂತ್ರ ರಿಪೇರಿಗೆ ಹೋಗುತ್ತದೆ, ಅಷ್ಟು ದಿನ ಕುಡಿಯುವ ನೀರಿಗೇ ತತ್ವಾರ. ಬೇರೆ ಬೇರೆ ಇಟ್ಟುಕೊಳ್ಳುವುದೇ ವಾಸಿ.

ಎಲ್ಲ ತಿಳಿದೂ ಬಾಟಲ್ ಬೇಕು ಅನ್ನುವವರು ಪಿಇಎಂ ಪೊರೆ ಮತ್ತು ತಳದಲ್ಲಿ ಆಮ್ಲಜನಕ ಹೋಗುವ ತೂತು ಇದೆಯಾ ನೋಡಿ. ಪೊರೆಯ ಬಿಲ್ಲೆಯನ್ನು ಬಿಚ್ಚಿ ಬದಲಿಸುವಂತಿರಬೇಕು. ಹೈಡ್ರೋಜನ್ ಎಷ್ಟು ಎನ್ನುವುದಕ್ಕೆ ಹೊರಗಿನ ಲ್ಯಾಬ್‌ನ ವರದಿ ಕೇಳಿ. ಆರ್‌ಒ ನೀರು ಅಥವಾ ಕಡಿಮೆ ಗಡಸಿನ ನೀರು ಹಾಕಿ. ಗಡಸು ನೀರು ಹಾಕಿದರೆ ಬಿಲ್ಲೆಯ ಮೇಲೆ ಬಿಳಿ ಪದರ ಕೂತು ಗುಳ್ಳೆ ಕಡಿಮೆಯಾಗುತ್ತಾ ಹೋಗುತ್ತದೆ. ಆಗ ಸಿಟ್ರಿಕ್ ಆಸಿಡ್ ಕಲಸಿದ ನೀರನ್ನು ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಹೋಗುತ್ತದೆ. ಜ್ಯೂಸ್, ಹಾಲು, ಸೋಡಾ, ಬಿಸಿ ನೀರು ಹಾಕಲೇಬೇಡಿ. ಪೊರೆ ಒಣಗಿದರೆ ಹಾಳಾಗುತ್ತದೆ, ಬಳಸದ ದಿನಗಳಲ್ಲೂ ತಳದಲ್ಲಿ ಸ್ವಲ್ಪ ನೀರಿರಲಿ, ಆಗಾಗ ಬದಲಿಸಿ. ರಬ್ಬರ್ ರಿಂಗಿನ ಸಂದಿಯಲ್ಲಿ ಲೋಳೆ ಕಟ್ಟುತ್ತದೆ, ಅದನ್ನು ಬಿಚ್ಚಿ ತೊಳೆಯಲು ಬಾರದ ಬಾಟಲ್ ಎಷ್ಟೇ ಚೆಂದ ಇದ್ದರೂ ಬಿಡಿ.

ಬಾಟಲ್ ಕೈಗೆ ಬಂದ ಮೇಲೆ ಟಿಡಿಎಸ್ ಮೀಟರ್‌ನಿಂದ ಅಳೆಯಬೇಡಿ, ಅದಕ್ಕೆ ಹೈಡ್ರೋಜನ್ ಕಾಣುವುದಿಲ್ಲ. ನೀರಿನ ಉತ್ಕರ್ಷಣ-ಅಪಕರ್ಷಣ ಗುಣ ಅಳೆಯುವ ಒಆರ್‌ಪಿ ಮೀಟರ್ ಮೈನಸ್ ತೋರಿಸಿದರೆ ಹೈಡ್ರೋಜನ್ ಇರಬಹುದು ಎಂದು ಗೊತ್ತಾಗುತ್ತದೆ, ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಮೆಥಿಲೀನ್ ಬ್ಲೂ ಪರೀಕ್ಷೆಯ ಹನಿಗಳು ಸಿಗುತ್ತವೆ. ಜೊತೆಗೆ ಬರುವ ಪುಟ್ಟ ಲೋಟಕ್ಕೆ 6 ಮಿಲಿ ನೀರು ಹಾಕಿ ಒಂದೊಂದೇ ಹನಿ ಬಿಡಬೇಕು. ಹೈಡ್ರೋಜನ್ ಇದ್ದಷ್ಟು ಹೊತ್ತು ನೀಲಿ ಬಣ್ಣ ಮಾಯವಾಗುತ್ತದೆ. ಸಾಮಾನ್ಯವಾಗಿ ಒಂದು ಹನಿಗೆ 0.1 ಪಿಪಿಎಂ ಲೆಕ್ಕ. ಹದಿನೈದು ಹನಿ ಮಾಯವಾಗಿ ಹದಿನಾರನೆಯದು ನೀಲಿಯಾಗಿ ಉಳಿದರೆ ನಿಮ್ಮ ನೀರಿನಲ್ಲಿ ಸುಮಾರು 1.5 ಪಿಪಿಎಂ ಇದೆ. ಪೆಟ್ಟಿಗೆ ಮೇಲೆ 5000 ಪಿಪಿಬಿ ಎಂದಿದ್ದು ಐದಾರು ಹನಿಗೇ ನೀಲಿ ನಿಂತರೆ ಬಾಟಲನ್ನು ವಾಪಸ್ ಕಳಿಸಿ. ಈ ಪರೀಕ್ಷೆಯನ್ನು ರಿಟರ್ನ್ ಅವಧಿ ಮುಗಿಯುವ ಮುಂಚೆಯೇ ಮಾಡಿ.